ಕವಾಟ ರಿಪೇರಿಯ ನಂತರ ಹೃದಯ ಹೇಗಿರುತ್ತದೆಂದು ಎಂ.ಆರ್.ಐ. ಹೇಳಬಲ್ಲುದೇ?

ತಂದೆಯವರ ಮೈಟ್ರಲ್ ಕವಾಟದಲ್ಲಿ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ) ತೀವ್ರ ಸೋರಿಕೆ ಇದ್ದರೂ ಇ.ಎಫ್., ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು, ಶೇ 62 ಇದೆ, ರಿಪೇರಿಯ ನಂತರದ ಸ್ಥಿತಿ ತಿಳಿಯಲು ಎಕೋಗಿಂತ (ಹೃದಯದ ಅಲ್ಟ್ರಾಸೌಂಡ್) ಎಂ.ಆರ್.ಐ. ಉತ್ತಮವೇ, ಅದನ್ನು ಮಾಡಿಸಿ, ತಂಗಿಯ ಮದುವೆ ಮುಗಿಸಿ ಶಸ್ತ್ರಚಿಕಿತ್ಸೆಯ ಬಗ್ಗೆ ನಿರ್ಧರಿಸೋಣವೇ ಎಂದು ಕೇಳಿದ್ದೀರಿ. ನಮ್ಮ ತಾಯಿಯವರ ವಿಷಯದಲ್ಲಿ ನಾವೂ ಹೀಗೆಯೇ ದಿನ ತಳ್ಳಿದ್ದೆವು.

ಅಮ್ಮನ ಕವಾಟದ ಹಿಂಬದಿಯ ಎಸಳು ಜೋತುಬಿದ್ದು ರಕ್ತ ಹಿಂದಕ್ಕೆ ನುಗ್ಗುತ್ತಿತ್ತು. ಏದುಸಿರೇನೂ ಇಲ್ಲವೆಂದು ಅವರೇ ಹೇಳುತ್ತಿದ್ದರು. ಮಹಡಿ ಹತ್ತುವುದನ್ನೇ ಬಿಟ್ಟಿದ್ದರೆಂಬುದು ನಮಗೆ ತಡವಾಗಿ ಹೊಳೆಯಿತು. ಎಕೋ ಮಾಡಿಸಿದಾಗಲೆಲ್ಲ ನಾನು ಓದುತ್ತಿದ್ದುದು ವರದಿಯ ಕೊನೆಯ ಸಾಲನ್ನು ಮಾತ್ರ: ‘ಸಿವಿಯರ್ ಎಂ.ಆರ್., ಗುಡ್ ಎಲ್.ವಿ. ಫಂಕ್ಷನ್’, ಅಂದರೆ ಮೈಟ್ರಲ್ ಸೋರಿಕೆ ತೀವ್ರ, ಎಡ ಹೃತ್ಕುಕ್ಷಿಯ ಕೆಲಸ ಚೆನ್ನಾಗಿದೆ. ಅದೇ ಹಾಳೆಯ ಮೇಲ್ಭಾಗದ ಕೋಷ್ಟಕದಲ್ಲಿ, ಎಡ ಹೃತ್ಕುಕ್ಷಿ (ರಕ್ತವನ್ನು ದೇಹಕ್ಕೆ ದೂಡುವ ಕೆಳಗಿನ ಕೋಣೆ) ಪೂರ್ತಿ ಕುಗ್ಗಿದಾಗ ಎಷ್ಟು ಅಗಲವಿರುತ್ತದೆಂಬ ಅಳತೆ ಒಂದು ವರದಿಯಲ್ಲಿ 35 ಮಿ.ಮೀ., ಮುಂದಿನದರಲ್ಲಿ 38, ಆಮೇಲೆ 42 ಎಂದು ಏರುತ್ತಲೇ ಹೋಗಿತ್ತು. ಅತ್ತ ನಾನು ಕಣ್ಣು ಹಾಯಿಸಲೇ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ಬಡಿತಕ್ಕೆ ಹೃತ್ಕುಕ್ಷಿ ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬುದನ್ನಷ್ಟೇ ಇ.ಎಫ್. ತಿಳಿಸುತ್ತದೆ, ಯಾವ ದಿಕ್ಕಿಗೆ ಎಂಬುದನ್ನಲ್ಲ. ಸೋರಿಕೆ ಇದ್ದಾಗ ಒಂದು ಪಾಲು ಒತ್ತಡ ಕಡಿಮೆಯಿರುವ ಹೃತ್ಕರ್ಣಕ್ಕೆ (ಮೇಲಿನ ಕೋಣೆಗೆ) ಸುಲಭವಾಗಿ ಹೊರಳುವುದರಿಂದ, ಸೋತ ಸ್ನಾಯುವೂ ಗಟ್ಟಿಮುಟ್ಟಾಗಿರುವಂತೆ ಕಾಣುತ್ತದೆ. ರಿಪೇರಿಯಾಗಿ ಆ ಹಿಂಬಾಗಿಲು ಮುಚ್ಚಿದ ಮೇಲೆ ಎಲ್ಲವನ್ನೂ ಮಹಾಪಧಮನಿಗೇ ದೂಡಬೇಕು. ಅಡಗಿದ್ದ ದೌರ್ಬಲ್ಯ ಆಗ ಬಯಲಾಗುತ್ತದೆ. ಆದ್ದರಿಂದಲೇ ಅಮೆರಿಕದ ಹೃದ್ರೋಗ ತಜ್ಞರ 2020ರ ಮಾರ್ಗಸೂಚಿಯು, ಇಂಥ ತೀವ್ರ ಸೋರಿಕೆಯಲ್ಲಿ ಇ.ಎಫ್. ಶೇ 60ಕ್ಕೆ ಇಳಿದರೆ ಅಥವಾ ಕುಗ್ಗಿದಾಗಿನ ಆ ಅಗಲ 40 ಮಿ.ಮೀ. ಮುಟ್ಟಿದರೆ, ರೋಗಲಕ್ಷಣ ಇಲ್ಲದಿದ್ದರೂ ಶಸ್ತ್ರಚಿಕಿತ್ಸೆ ಮಾಡಬೇಕೆನ್ನುತ್ತದೆ. ಅಮ್ಮನ ಇ.ಎಫ್. ಶಸ್ತ್ರಚಿಕಿತ್ಸೆಗೆ ಮೊದಲು 58 ಇತ್ತು, ನಂತರ 45ಕ್ಕೆ ಇಳಿಯಿತು. ಕವಾಟ ಚೆನ್ನಾಗಿ ಕೂಡಿಕೊಂಡಿತು, ಸೋರಿಕೆ ನಿಂತಿತು. ಸ್ನಾಯು ಮಾತ್ರ ಮೊದಲಿನಂತಾಗಲಿಲ್ಲ.

ಹಾಗಾಗಿ ಯಾವ ಸ್ಕ್ಯಾನ್ ಉತ್ತಮ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಸೋರಿಕೆಯ ಪ್ರಮಾಣದ ಬಗ್ಗೆ ಗೊಂದಲವಿದ್ದಾಗ ಎಂ.ಆರ್.ಐ. ನಿಜಕ್ಕೂ ಉಪಯುಕ್ತ, ಸ್ನಾಯುವಿನಲ್ಲಿ ಗಾಯದ ಕಲೆ ಇದ್ದರೂ ತೋರಿಸುತ್ತದೆ. ಆದರೆ ನಿಮ್ಮಲ್ಲಿ ಆ ಗೊಂದಲವೇ ಇಲ್ಲ. ಹಳೆಯ ಎಕೋ ವರದಿಗಳನ್ನೆಲ್ಲ ತಾರೀಖಿನಂತೆ ಜೋಡಿಸಿ ಕುಗ್ಗಿದಾಗಿನ ಆ ಅಗಲ, ಹೃತ್ಕರ್ಣದ ಗಾತ್ರ ಮತ್ತು ಶ್ವಾಸಕೋಶದ ರಕ್ತನಾಳದ ಒತ್ತಡ ಏರುತ್ತಿವೆಯೇ ಎಂದು ನೋಡಿ. ಬೇರೆ ಬೇರೆ ಕಡೆ ಮಾಡಿಸಿದ್ದರೆ ಒಂದೆರಡು ಮಿ.ಮೀ. ಅಂತರ ಕೇವಲ ಅಳೆದವರ ಕೈಯ ವ್ಯತ್ಯಾಸವಾಗಿರಬಹುದು, ಆದ್ದರಿಂದ ರೆಕಾರ್ಡಿಂಗ್‌ಗಳನ್ನೇ ಪಕ್ಕಪಕ್ಕದಲ್ಲಿಟ್ಟು ನೋಡುವಂತೆ ವೈದ್ಯರನ್ನು ಕೇಳಿಕೊಳ್ಳಿ. ಅನ್ನನಾಳದ ಮೂಲಕ ಮಾಡುವ ಎಕೋ ಯಾವ ಎಸಳಿನ ಯಾವ ಭಾಗ ಕೆಟ್ಟಿದೆ ಎಂಬುದನ್ನು ತೋರಿಸಿ, ರಿಪೇರಿ ಸಾಧ್ಯವೇ ಅಥವಾ ಕವಾಟವನ್ನೇ ಬದಲಿಸಬೇಕೇ ಎಂದು ಅಂದಾಜಿಸಲು ನೆರವಾಗುತ್ತದೆ.

ಇದೆಲ್ಲ ಎಸಳು ಜೋತುಬಿದ್ದ ಸೋರಿಕೆಯ ಮಾತು. ಹೃದಯವೇ ಹಿಗ್ಗಿ ಕವಾಟ ಸೋರುವುದು ಬೇರೆ ಕಥೆ: 2018ರಲ್ಲಿ ಪ್ರಕಟವಾದ ಕೋಆಪ್ಟ್ ಮತ್ತು ಮಿತ್ರಾ-ಎಫ್ಆರ್ ಎಂಬ ಎರಡು ಪ್ರಯೋಗಗಳಲ್ಲಿ, ಕವಾಟದ ಎಸಳುಗಳನ್ನು ಕೂಡಿಸಿ ಹಿಡಿಯುವ ಅದೇ ಕ್ಲಿಪ್ ಒಂದು ಕಡೆ ಫಲ ಕೊಟ್ಟಿತು, ಇನ್ನೊಂದು ಕಡೆ ಕೊಡಲಿಲ್ಲ.

62 ಎಂದರೆ ಗಡಿಗಿಂತ ಎರಡೇ ಅಂಕ ಮೇಲೆ, ಎಕೋದಲ್ಲಿ ಅಷ್ಟು ಹೆಚ್ಚುಕಡಿಮೆ ಸಾಮಾನ್ಯ. ನಾನಾಗಿದ್ದರೆ ಮೊದಲು ಶಸ್ತ್ರವೈದ್ಯರನ್ನು ಕಂಡು, ಆಮೇಲೆ ಛತ್ರ ಗೊತ್ತುಮಾಡುತ್ತಿದ್ದೆ.