ಮೊಬೈಲಿನಲ್ಲಿ ಓದಿದ್ದು ಓದಲ್ಲವೇ?

ಸೋಮವಾರಪೇಟೆಯ ಓದುಗರೊಬ್ಬರು, ನಿವೃತ್ತ ಹವಾಲ್ದಾರರು, ಬರೆಯುತ್ತಾರೆ: "ನನ್ನ ತಂಗಿಯ ಮಗ ಸೇನೆಯಲ್ಲಿದ್ದಾನೆ. ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ದಕ್ಷಿಣ ಸುಡಾನಿಗೆ ಹೊರಟಿದ್ದಾನೆ. ರಜೆಗೆ ಬಂದವನು ಹೊತ್ತುಗೊತ್ತಿಲ್ಲದೆ ಮೊಬೈಲ್ ಹಿಡಿದು ಅಮೆರಿಕದ ಯಾವುದೋ ಪೀಸ್ ಆಪರೇಷನ್ಸ್ ಸಂಸ್ಥೆಯ ಕೋರ್ಸ್ ಓದುತ್ತಾನೆ. ಮುಗಿಸಿದರೆ ಸರ್ಟಿಫಿಕೇಟ್ ಬರುತ್ತದಂತೆ. ನಮ್ಮ ಜನರಲ್ ತಿಮ್ಮಯ್ಯನವರು ಯಾವ ಮೊಬೈಲ್ ನೋಡಿ ಶಾಂತಿ ಕಾಪಾಡಿದ್ದರು? ಇದೆಲ್ಲ ಕಾಲಹರಣ ಎಂದು ನೀವಾದರೂ ನಾಲ್ಕು ಮಾತು ಬರೆಯಿರಿ."

ಮಾನ್ಯರೇ, ನಾಲ್ಕಲ್ಲ, ಹೆಚ್ಚೇ ಬರೆಯುತ್ತೇನೆ. ಆದರೆ ನಿಮ್ಮ ಪರವಾಗಿ ಬರೆಯಲಾರೆ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ನೆಲಬಾಂಬಿನ ದಾರಿಯಲ್ಲಿ ಗಸ್ತು ಹೋಗುವುದು, ರೊಚ್ಚಿಗೆದ್ದ ಗುಂಪಿನೆದುರು ಬಂದೂಕು ಎತ್ತದೆ ನಿಲ್ಲುವುದು, ಇವು ಪರದೆ ನೋಡಿ ಬರುವ ವಿದ್ಯೆಗಳಲ್ಲ. ಮೈದಾನ ಬೇಕು, ಉಸ್ತಾದರು ಬೇಕು. ಪಡೆ ಕಳಿಸುವ ದೇಶವೇ ಹೊರಡುವ ಮುನ್ನ ತರಬೇತಿ ಕೊಡಬೇಕೆಂಬ ನಿಯಮವಿದೆ; ದೆಹಲಿಯಲ್ಲಿ 2000ದಿಂದ ಇದಕ್ಕೆಂದೇ ಒಂದು ಕೇಂದ್ರವೂ ಇದೆ. ಮೊಬೈಲಿನ ಪಾಠ ಆ ತರಬೇತಿಯ ಜೊತೆಗೆ ಓದುವಂಥದ್ದು, ಅದರ ಬದಲಿಗಲ್ಲ.

ಇನ್ನು ತಿಮ್ಮಯ್ಯನವರು. ಕೊಡಗಿನಿಂದ ಬರೆಯುವ ನೀವು ಅವರ ಹೆಸರೆತ್ತಿದ್ದು ಸಹಜವೇ. 1953ರಲ್ಲಿ ಕೊರಿಯಾದಲ್ಲಿ, ಸ್ವದೇಶಕ್ಕೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. 1964ರಲ್ಲಿ ಸೈಪ್ರಸ್ ಶಾಂತಿಪಡೆಯ ದಂಡನಾಯಕರಾಗಿ ಹೋದವರು 1965ರ ಡಿಸೆಂಬರಿನಲ್ಲಿ ಕರ್ತವ್ಯದ ಮೇಲಿರುವಾಗಲೇ ಅಲ್ಲಿ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಆದರೆ ಅವರು ಡೆಹ್ರಾಡೂನಿನ ಸೈನಿಕ ಕಾಲೇಜಿನಲ್ಲಿ ಕಲಿತು, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿಗೂ ಹೋಗಿ ಬಂದವರು. ಕೊರಿಯಾದ ಚಳಿಯಲ್ಲಿ ತಂತಿಬೇಲಿ ಕಾಯುತ್ತ ನಿಂತ ಜವಾನನಿಗೆ, ಒಳಗಿನ ಕೈದಿ ಯಾಕೆ ಕೂಗುತ್ತಿದ್ದಾನೆ, ಯಾಕೆ ಮನೆಗೆ ಹೋಗಲು ಒಲ್ಲೆನೆನ್ನುತ್ತಾನೆ ಎಂದು ಕೂರಿಸಿಕೊಂಡು ಹೇಳಿದವರು ಯಾರು? ನನ್ನ ಚಿಂತೆ ಆ ಜವಾನನದು.

ಶಾಂತಿಪಾಲನೆಯಲ್ಲಿ ಜೀವ ಉಳಿಯುವುದೂ ಹೋಗುವುದೂ ಬಹಳ ಸಲ ಕೆಳಗಿನವರ ಕೈಯಲ್ಲೇ. ದಕ್ಷಿಣ ಸುಡಾನಿನ ಅಕೋಬೊ ನೋಡಿ. 2013ರ ಡಿಸೆಂಬರಿನಲ್ಲಿ ಅಲ್ಲಿನ ಶಾಂತಿಪಡೆಯ ಪುಟ್ಟ ಠಾಣ್ಯದೊಳಗೆ ಆಶ್ರಯ ಬೇಡಿ ಬಂದ ನಾಗರಿಕರಿದ್ದರು, ಹೊರಗಿನಿಂದ ಆಯುಧ ಹಿಡಿದ ಯುವಕರ ದೊಡ್ಡ ಗುಂಪು ನುಗ್ಗಿತು. ನಮ್ಮ ಇಬ್ಬರು ಯೋಧರು ಅಲ್ಲಿ ಪ್ರಾಣ ಕೊಟ್ಟರು. ಅಂಥ ಗಳಿಗೆಯಲ್ಲಿ ತನಗಿರುವ ಅಧಿಕಾರ ಎಷ್ಟು, ಯಾರನ್ನು ಕಾಯುವುದು ತನ್ನ ಹೊಣೆ ಎಂಬುದು ಗೇಟಿನಲ್ಲಿ ನಿಂತವನಿಗೇ ಗೊತ್ತಿರಬೇಕು. ಹೈಟಿಯದು ಇನ್ನೊಂದು ಕಥೆ. 2010ರಲ್ಲಿ ಮಿರ್ಬಲೆ ಊರಿನ ಹತ್ತಿರ ಶಾಂತಿಪಡೆ ಶಿಬಿರವೊಂದರ ಮಲತ್ಯಾಜ್ಯ ಹೊಳೆ ಸೇರಿತು. ಕಾಲರಾ ಹಬ್ಬಿ ಸುಮಾರು 10,000 ಜನ ಸತ್ತರು. ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರ ಕೊನೆಗೆ. ಶೌಚಗುಂಡಿ ಎಲ್ಲಿ ತೋಡಬೇಕು, ಅದರ ನೀರು ಎಲ್ಲಿಗೆ ಹರಿಯುತ್ತದೆ ಎಂಬ ತಿಳಿವಳಿಕೆ ಶಿಬಿರದ ಕೊನೆಯ ಮನುಷ್ಯನವರೆಗೂ ಮುಟ್ಟಬೇಕು. ಸಾವಿರಾರು ಜನರಿಗೆ ಅದನ್ನು ಮುಟ್ಟಿಸಲು ದೂರದಿಂದ ಕಲಿಸದೆ ಬೇರೆ ದಾರಿ ನನಗೆ ಕಾಣದು.

ನಿಮ್ಮ ಸೋದರಳಿಯ ಓದುತ್ತಿರುವುದು ವರ್ಜೀನಿಯಾದ ವಿಲಿಯಮ್ಸ್‌ಬರ್ಗಿನ ಸಂಸ್ಥೆಯ ಪಾಠಗಳಿರಬೇಕು. ಹಾರ್ವೆ ಲ್ಯಾಂಗ್‌ಹೋಲ್ಟ್ಜ್ ಎಂಬ ಮನೋವಿಜ್ಞಾನದ ಪ್ರಾಧ್ಯಾಪಕರು 1995ರ ಸುಮಾರಿಗೆ ಅದನ್ನು ಶುರುಮಾಡಿದಾಗ ಇಂಟರ್‌ನೆಟ್ ಇನ್ನೂ ಎಲ್ಲರ ಕೈಗೆಟುಕಿರಲಿಲ್ಲ, ಪಾಠ ಹೋಗುತ್ತಿದ್ದುದು ಅಂಚೆಯಲ್ಲಿ. ಇವತ್ತಿಗೂ ಕೊನೆಯಲ್ಲಿ 50 ಪ್ರಶ್ನೆಗಳ ಪರೀಕ್ಷೆಯಿದೆ, ತೇರ್ಗಡೆಗೆ ಶೇ. 75 ಅಂಕ ಬೇಕು. ನಾಗರಿಕರ ರಕ್ಷಣೆ, ಯುದ್ಧಕಾಲದ ಕಾನೂನು, ನೆಲಬಾಂಬು, ಆಯುಧವಿಲ್ಲದೆ ಓಡಾಡುವ ಮಿಲಿಟರಿ ವೀಕ್ಷಕರ ಕೆಲಸ, ಎಲ್ಲಕ್ಕೂ ಪಾಠಗಳಿವೆ. ರಜೆಗೆ ಬಂದ ಯೋಧನೊಬ್ಬ ಬಿಡುವಿನಲ್ಲೂ ಕೂತು ಇಷ್ಟು ಓದುತ್ತಾನೆಂದರೆ ಅದನ್ನು ಕಾಲಹರಣ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಂಚೆಯಲ್ಲಿ ಕಲಿತವರೆಂದರೆ ನಮ್ಮಲ್ಲಿ ಮೊದಲಿನಿಂದಲೂ ತಾತ್ಸಾರ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು; ಅದೇ ಮುಂದೆ 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನನ್ನ ಅಣ್ಣ ಹಾಗೆ ಬಿ.ಎ. ಮಾಡಿದವನು. ಅಂಗಡಿಯಲ್ಲಿ ಲೆಕ್ಕ ಬರೆದು ಬಂದು, ಕಂದು ಲಕೋಟೆಯ ಪಾಠದ ಕಟ್ಟು ಬಿಚ್ಚಿ, ಅಂಚಿನಲ್ಲೆಲ್ಲ ಪೆನ್ಸಿಲಿನಿಂದ ಪ್ರಶ್ನೆ ಗೀಚುತ್ತಿದ್ದ. ಆ ಪ್ರಶ್ನೆಗಳನ್ನು ಸಂಪರ್ಕ ತರಗತಿಗೆ ಹೋದಾಗ ಬಿಡದೆ ಕೇಳುತ್ತಿದ್ದ. ಕೊನೆಗೆ ಒಂದು ಕಚೇರಿಯಲ್ಲಿ "ಅಂಚೆ ಡಿಗ್ರಿಯಾ?" ಎಂದು ಅರ್ಜಿ ಬದಿಗೆ ಸರಿಸಿದರು. ಅವನಿಗೆ ಏನು ಗೊತ್ತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕಾಲೇಜಿನ ಬೆಂಚಿನ ಮೇಲೆ ಮೂರು ವರ್ಷ ನಿದ್ದೆ ಮಾಡಿದವನಿಗೆ ಸಿಗುವ ಮರ್ಯಾದೆ, ದುಡಿಯುತ್ತ ಓದಿದವನಿಗೆ ಈ ನಾಡಿನಲ್ಲಿ ಇಂದಿಗೂ ಸಿಕ್ಕಿಲ್ಲ. ಊಟದ ಬಿಡುವಿನಲ್ಲಿ ಪುಸ್ತಕ ತೆಗೆಯುವ ಕಂಡಕ್ಟರ್, ಪಾಳಿ ಮುಗಿಸಿ ಪರೀಕ್ಷೆಗೆ ಕೂರುವ ನರ್ಸ್, ಎಲ್ಲರಿಗೂ ಇದೇ ಮಾತು. ಹವಾಲ್ದಾರರಾಗಿ ದುಡಿದ ನೀವು ಆ ಕಚೇರಿಯವರ ಸಾಲಿಗೆ ಸೇರಬೇಡಿ.

ಸಿಟ್ಟು ಮಾಡುವುದಾದರೆ ಬೇರೆಡೆ ಮಾಡೋಣ. ಭಾರತದಿಂದ ಈವರೆಗೆ ಶಾಂತಿಪಡೆಗೆ ಹೋದವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಪಾಠಗಳು ಇಂಗ್ಲಿಷಿನಲ್ಲಿವೆ, ಫ್ರೆಂಚಿನಲ್ಲಿವೆ, ಸ್ಪ್ಯಾನಿಷಿನಲ್ಲಿವೆ. ಕನ್ನಡದಲ್ಲಿ ಓದಿ ಸೇನೆ ಸೇರಿದ ಹುಡುಗ ನಿಘಂಟು ಪಕ್ಕದಲ್ಲಿಟ್ಟುಕೊಂಡು ಯುದ್ಧದ ಕಾನೂನು ಕಲಿಯಬೇಕು. ಇಷ್ಟೊಂದು ವಿಶ್ವವಿದ್ಯಾನಿಲಯಗಳಿರುವ ರಾಜ್ಯದಲ್ಲಿ ಈ ಪಾಠಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಯಾರಾದರೂ ಕೈಗೆತ್ತಿಕೊಳ್ಳಬಾರದೇ? ನಿಮ್ಮ ಸೋದರಳಿಯ ಹೊರಡುವ ಮೊದಲು ಒಂದು ಕೆಲಸ ಮಾಡಿ: ಯಾವ ಅಧ್ಯಾಯ ಅವನಿಗೆ ಬಿಡಿಸಲಾಗದೆ ಉಳಿದಿದೆ ಎಂದು ಕೇಳಿ ನನಗೆ ಬರೆಯಿರಿ. ಅದನ್ನು ತಿಳಿದವರಿಂದ ಕನ್ನಡದಲ್ಲಿ ಬರೆಸಿ ಈ ಪುಟಗಳಲ್ಲೇ ಅಚ್ಚು ಹಾಕುತ್ತೇನೆ.

— ಸಂಪಾದಕ