ಖಾಲಿ ಬಿಟ್ಟ ಮೂರು ವರ್ಷ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಬೇಸ್‌ಬಾಲ್ ಆಟಗಾರ ಜೂಲಿಯೋ ಫ್ರಾಂಕೋ ಬಗ್ಗೆ ಬಂದ ಲೇಖನ ಓದಿದೆ. ಲೇಖನದಲ್ಲಿ ‘ಐವತ್ತರ ಹೊಸ್ತಿಲವರೆಗೂ ಬಿಡದೆ ಆಡಿದ’ ಎಂದಿದೆ. ಪಕ್ಕದ ಚೌಕಟ್ಟಿನಲ್ಲಿ ‘1998–2000: ಆಟವಿಲ್ಲ’ ಎಂದಿದೆ. ಎರಡರಲ್ಲಿ ಯಾವುದು ನಿಜ? ಅಲ್ಲದೆ, ದುಡ್ಡು ಕೊಟ್ಟವರ ಕಡೆಗೆಲ್ಲ ಹೋಗಿ ಆಡಿದವನನ್ನು ಇಷ್ಟೊಂದು ಹೊಗಳಬೇಕಿತ್ತೆ? — ಒಬ್ಬ ಓದುಗ, ತುಮಕೂರು

ಸಂಪಾದಕರ ಉತ್ತರ: ಲೇಖನ ನಿಜ, ಚೌಕಟ್ಟು ಸುಳ್ಳು. ತಪ್ಪು ನಮ್ಮದೇ. ಚೌಕಟ್ಟು ತಯಾರಿಸಿದವರು ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗಾದ ಮೇಜರ್ ಲೀಗ್‌ನ ಅಂಕಿಪಟ್ಟಿಯೊಂದನ್ನೇ ಎದುರಿಗಿಟ್ಟುಕೊಂಡು ಕೂತಿದ್ದರು. ಅದರಲ್ಲಿ 1997 ಆದಮೇಲೆ 1999ರ ಎದುರು ಒಂದೇ ಒಂದು ಪಂದ್ಯ, ಆಮೇಲೆ ನೇರ 2001. ಆ ಒಂದು ಪಂದ್ಯವನ್ನೂ ಲೆಕ್ಕಕ್ಕೆ ಹಿಡಿಯದೆ ‘ಆಟವಿಲ್ಲ’ ಎಂದು ಬರೆದರು. ಪುಟ ನೋಡಿ ಸಹಿ ಹಾಕಿದವನು ನಾನು.

ಆ ಮೂರು ವರ್ಷದಲ್ಲಿ ಈತ ಮನೆಯಲ್ಲಿ ಕೂತವನಲ್ಲ. 1998ರಲ್ಲಿ ಜಪಾನಿನ ಚಿಬಾ ಲೊಟ್ಟೆ ಮರೀನ್ಸ್ ತಂಡದಲ್ಲಿದ್ದ. ಅದೇ ವರ್ಷ ಆ ತಂಡ ಸತತ 18 ಪಂದ್ಯ ಸೋತು ಜಪಾನಿನ ದಾಖಲೆ ಬರೆಯಿತು. ಜುಲೈ 7ರ ರಾತ್ರಿ ಕೋಬೆಯಲ್ಲಿ ಓರಿಕ್ಸ್ ವಿರುದ್ಧ ಒಂಬತ್ತನೇ, ಅಂದರೆ ಕೊನೆಯ, ಇನಿಂಗ್ಸ್‌ನಲ್ಲಿ ಎರಡು ರನ್ ಮುಂದಿದ್ದರು, ಎದುರಾಳಿಯ ಇಬ್ಬರು ಔಟಾಗಿದ್ದರು. ಇನ್ನೊಬ್ಬ ಔಟಾದರೆ ಶನಿ ಬಿಟ್ಟಂತೆ. ಆಗ ಬಿತ್ತು ಎರಡು ರನ್‌ಗಳ ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಅಟ್ಟುವ ಹೊಡೆತ), ಲೆಕ್ಕ ಸಮ. ಚೆಂಡೆಸೆದ ಚಿಬಾ ಪಿಚರ್ ಕುರೋಕಿ ಅಲ್ಲೇ ಕುಸಿದು ಕೂತ. ಪಂದ್ಯ ಹನ್ನೆರಡನೇ ಇನಿಂಗ್ಸ್‌ವರೆಗೆ ಎಳೆದು, ಅದೂ ಸೋಲೇ ಆಯಿತು. ಹದಿನೇಳನೆಯದು. ಇಂಥ ತಂಡದಲ್ಲಿ ಮೂವತ್ತೊಂಬತ್ತು ದಾಟಿ ನಲವತ್ತಕ್ಕೆ ಕಾಲಿಡುತ್ತಿದ್ದವನು ಆ ವರ್ಷ 18 ಹೋಮ್ ರನ್ ಹೊಡೆದ. ನಮ್ಮ ಚೌಕಟ್ಟಿನ ಪ್ರಕಾರ ಅದು ‘ಆಟವಿಲ್ಲ’.

1999ರಲ್ಲಿ ಮೆಕ್ಸಿಕೋ ಸಿಟಿಯ ಟೈಗರ್ಸ್. ಅಲ್ಲಿ ಸಾವಿರಕ್ಕೆ ನಾನೂರು ಮೀರಿದ ಲೆಕ್ಕದಲ್ಲಿ ಹೊಡೆದ. (ಬೇಸ್‌ಬಾಲ್‌ನಲ್ಲಿ ಸಾವಿರ ಸಲ ಬ್ಯಾಟ್ ಹಿಡಿದು ಮುನ್ನೂರು ಸಲ ಹಿಟ್ ಗಿಟ್ಟಿಸಿದವನೇ ದೊಡ್ಡ ಆಟಗಾರ. ಏಳುನೂರು ಸಲ ಸೋತದ್ದನ್ನು ಯಾರೂ ಎತ್ತಿ ಆಡುವುದಿಲ್ಲ.) ಅದನ್ನು ಕಂಡು ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ನ ಟ್ಯಾಂಪಾ ಬೇ ತಂಡ ಕರೆಸಿಕೊಂಡಿತು. ಒಂದು ಪಂದ್ಯ, ಒಂದೇ ಸರದಿ, ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್‌ಗೆ ಔಟ್). ಅಲ್ಲಿಗೆ ಮುಗಿಯಿತು. 2000ದಲ್ಲಿ ಕೊರಿಯಾದ ತೇಗು ನಗರದ ಸ್ಯಾಮ್‌ಸಂಗ್ ಲಯನ್ಸ್ ಸೇರಿದ. ಆ ಲೀಗ್ ವಿದೇಶಿ ಆಟಗಾರರಿಗೆ ಬಾಗಿಲು ತೆರೆದಿದ್ದೇ 1998ರಲ್ಲಿ. ಹಿಂದಿನ ವರ್ಷವಷ್ಟೇ 54 ಹೋಮ್ ರನ್ ಹೊಡೆದು ಮನೆಮಾತಾಗಿದ್ದ ಹುಡುಗ ಲೀ ಸಂಗ್‌ಯಪ್ ಇದ್ದ ತಂಡದಲ್ಲೇ ಈ ನಲವತ್ತೆರಡರ ಮನುಷ್ಯನೂ 22 ಹೋಮ್ ರನ್ ಹೊಡೆದ, 110 ರನ್ ತಂದುಕೊಟ್ಟ.

2001ರಲ್ಲಿ ಮತ್ತೆ ಮೆಕ್ಸಿಕೋ, ಸಾವಿರಕ್ಕೆ 437. ಈ ಅಂಕಿಯನ್ನು ನಾನು ಹಾಗೇ ನುಂಗುವುದಿಲ್ಲ. ಮೆಕ್ಸಿಕೋ ಸಿಟಿ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳುಗಾಳಿಯಲ್ಲಿ ಚೆಂಡು ಸಲೀಸಾಗಿ ದೂರ ಹೋಗುತ್ತದೆ, ಪಿಚರ್‌ನ ತಿರುವು ಕಚ್ಚುವುದಿಲ್ಲ. ಆದರೂ ಗಾಳಿ ತೆಳುವಾಗಿದೆಯೆಂದು ಎಲ್ಲರೂ 437 ಹೊಡೆಯಲಿಲ್ಲವಲ್ಲ. ಆಗಸ್ಟ್ ಕೊನೆಗೆ ಅಟ್ಲಾಂಟಾ ಬ್ರೇವ್ಸ್ ಅವನ ಕರಾರನ್ನೇ ಕೊಂಡುಕೊಂಡಿತು. ಎಲ್ಲರೂ ಮುಗಿದ ಕಥೆ ಎಂದುಕೊಂಡಿದ್ದವನು ಅಲ್ಲಿಂದ ಇನ್ನೂ ಆರು ವರ್ಷ ಮೇಜರ್ ಲೀಗ್‌ನಲ್ಲಿ ಆಡಿದ.

ಈಗ ನಿಮ್ಮ ಎರಡನೇ ಮಾತು. ದುಡ್ಡಿಗಾಗಿ ಆಡಿದ, ಹೌದು. ಕಸುಬು ಅಂದಮೇಲೆ ದುಡ್ಡಿಗೇ. ನಮ್ಮ ಕರಾವಳಿಯಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಕಲಾವಿದ ಮುಂದಿನ ತಿರುಗಾಟಕ್ಕೆ ಬೇರೆ ಮೇಳ ಸೇರಿದರೆ ಯಾರಾದರೂ ಹಳಿಯುತ್ತಾರೆಯೆ? ಹೊಸ ಮೇಳದ ಹಿಮ್ಮೇಳಕ್ಕೆ ಅವನ ಹೆಜ್ಜೆ ಕೂಡುತ್ತದೋ ಇಲ್ಲವೋ ನೋಡುತ್ತಾರೆ, ಅಷ್ಟೆ. ಫ್ರಾಂಕೋನ ಮೊದಲ ವಲಸೆಯಂತೂ ಅವನಾಗಿ ಹೊರಟದ್ದಲ್ಲ. 1994ರಲ್ಲಿ ಶಿಕಾಗೋ ವೈಟ್ ಸಾಕ್ಸ್‌ಗೆ 112 ಪಂದ್ಯಗಳಲ್ಲಿ 98 ರನ್ ತಂದುಕೊಟ್ಟಿದ್ದ. ಆಗಸ್ಟ್ 12ಕ್ಕೆ ಆಟಗಾರರ ಮುಷ್ಕರ ಶುರುವಾಯಿತು, ವರ್ಷದ ಕೊನೆಯ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸೇ ರದ್ದಾಯಿತು. ಲೀಗ್ ಬಾಗಿಲು ಹಾಕಿದ್ದಾಗ ಕೆಲಸ ಇದ್ದ ಕಡೆ, ಚಿಬಾಗೆ ಮೊದಲ ಸಲ ಹೋದ.

ಅದಕ್ಕೂ ಹಿಂದಿನದು ಚುಟುಕಾಗಿ: ಡೊಮಿನಿಕನ್ ಗಣರಾಜ್ಯದವನು, ಸಕ್ಕರೆ ಕಾರ್ಖಾನೆಗಳ ಊರಾದ ಸ್ಯಾನ್ ಪೆಡ್ರೊ ದೆ ಮಕೊರೀಸ್‌ನಲ್ಲಿ ಶಾಲೆ. 1978ರಲ್ಲಿ ಫಿಲಡೆಲ್ಫಿಯಾ ಜೊತೆ ಸಹಿ, 1982ರಲ್ಲಿ ಮೊದಲ ಪಂದ್ಯ. ಆ ವರ್ಷದ ಕೊನೆಗೆ ಒಬ್ಬ ವಾನ್ ಹೇಯ್ಸ್‌ನನ್ನು ಪಡೆಯಲು ಫಿಲಡೆಲ್ಫಿಯಾ ಐವರನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟಿತು. ಆ ಐವರಲ್ಲಿ ಈತನೂ ಒಬ್ಬ. 1991ರಲ್ಲಿ ಟೆಕ್ಸಸ್‌ಗೆ ಆಡುತ್ತ ಸಾವಿರಕ್ಕೆ 341ರ ಲೆಕ್ಕದಲ್ಲಿ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಬ್ಯಾಟಿಂಗ್ ಕಿರೀಟ. ಬ್ಯಾಟನ್ನು ತಲೆಯ ಮೇಲಕ್ಕೆ ಎತ್ತಿ, ಅದರ ತುದಿ ಪಿಚರ್ ಕಡೆಗೇ ಚಾಚುವ ಹಾಗೆ ಬಾಗಿಸಿ, ಮಂಡಿಗಳನ್ನು ಒಳಕ್ಕೆ ಒತ್ತಿ ನಿಲ್ಲುತ್ತಿದ್ದ. ಚೇಳು ಕೊಂಡಿ ಎತ್ತಿದ ಹಾಗೆ. ಯಾವ ಕೋಚೂ ಕಲಿಸದ ಭಂಗಿ. ಅದನ್ನೇ ಹೊತ್ತುಕೊಂಡು ಎಲ್ಲ ದೇಶ ಸುತ್ತಿದ.

ವಯಸ್ಸಿನ ಬಗ್ಗೆಯೂ ಹೇಳಿಬಿಡುತ್ತೇನೆ, ಹೇಗೂ ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಅವನ ಚಿತ್ರವಿರುವ ಹಳೆಯ ಬೇಸ್‌ಬಾಲ್ ಕಾರ್ಡ್‌ಗಳಲ್ಲಿ ಹುಟ್ಟಿದ ವರ್ಷ 1961, ಆಮೇಲೆ ಅದು 1958 ಆಯಿತು. ಮೇಷ್ಟ್ರು ಬರೆದುಕೊಂಡ ಜೂನ್ 1ನ್ನೇ ಹುಟ್ಟುಹಬ್ಬವೆಂದು ನಂಬಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಸಾಮಾನ್ಯವಾಗಿ ವಯಸ್ಸು ಹೆಚ್ಚಾದರೆ ಆಟಗಾರನ ಬೆಲೆ ಇಳಿಯುತ್ತದೆ. ಇವನಿಗೆ ವಯಸ್ಸಿಗೆ ಸೇರಿದ ಆ ಮೂರು ವರ್ಷ ಲಾಭವೇ ಆಯಿತು. 2006ರ ಏಪ್ರಿಲ್ 20ರಂದು ಸ್ಯಾನ್ ಡಿಯಾಗೋದಲ್ಲಿ ನ್ಯೂಯಾರ್ಕ್‌ನ ಮೆಟ್ಸ್ ಪರ ಹೊಡೆದ ಹೋಮ್ ರನ್‌ನಿಂದ, ಮೇಜರ್ ಲೀಗ್‌ನಲ್ಲಿ ಹೋಮ್ ರನ್ ಹೊಡೆದ ಅತಿ ಹಿರಿಯನೆಂಬ ಜ್ಯಾಕ್ ಕ್ವಿನ್ನನ 1930ರ ದಾಖಲೆ ಮುರಿಯಿತು. ಮರುವರ್ಷ ಮೇ 4ರಂದು ಫೀನಿಕ್ಸ್‌ನಲ್ಲಿ ಇನ್ನೊಂದು. ಎಸೆದವನು 43ರ ರ‍್ಯಾಂಡಿ ಜಾನ್ಸನ್, ಹೊಡೆದವನು 48ರ ಫ್ರಾಂಕೋ.

ಮೇಜರ್ ಲೀಗ್ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 2,586 ಹಿಟ್‌ಗಳಿವೆ. ಜಪಾನು, ಕೊರಿಯಾ, ಮೆಕ್ಸಿಕೋ, ಡೊಮಿನಿಕನ್ ಚಳಿಗಾಲದ ಲೀಗು, ಕೆಳಹಂತದ ಲೀಗುಗಳು ಎಲ್ಲ ಕೂಡಿದರೆ 4,200 ದಾಟುತ್ತದೆ. ಹಾಗೆ ಕೂಡುವುದು ಸರಿಯಲ್ಲ ಎನ್ನುವವರಿದ್ದಾರೆ, ಲೀಗುಗಳ ಮಟ್ಟ ಒಂದೇ ಅಲ್ಲ. ಒಪ್ಪಿದೆ. ಕೂಡಬೇಡಿ, ಅಳಿಸಲೂ ಬೇಡಿ. 2008ರಲ್ಲಿ ನಿವೃತ್ತಿ ಎಂದ ಮೇಲೂ 2015ರಲ್ಲಿ ಜಪಾನಿನ ಸಣ್ಣ ಲೀಗೊಂದರಲ್ಲಿ ಇಶಿಕಾವಾ ತಂಡದ ಮ್ಯಾನೇಜರ್ ಕಮ್ ಆಟಗಾರನಾಗಿ ಬ್ಯಾಟ್ ಹಿಡಿದ. ಆಗ 56 ವರ್ಷ. ಅದೂ ನಮ್ಮ ಚೌಕಟ್ಟಿನಲ್ಲಿ ಬಿಟ್ಟುಹೋಗಿದೆ.

ತಿದ್ದುಪಡಿ: ಕಳೆದ ಸಂಚಿಕೆಯ ಚೌಕಟ್ಟಿನಲ್ಲಿ ‘1998–2000: ಆಟವಿಲ್ಲ’ ಎಂದಿರುವಲ್ಲಿ ‘1998: ಚಿಬಾ; 1999: ಮೆಕ್ಸಿಕೋ ಸಿಟಿ, ಟ್ಯಾಂಪಾದಲ್ಲಿ ಒಂದು ಸರದಿ; 2000: ತೇಗು’ ಎಂದು ಓದಿಕೊಳ್ಳಬೇಕು.