ನೌಕಾಪಡೆಯಲ್ಲಿ ಜೊತೆಗಿದ್ದ ಗೆಳೆಯ ತೀರಿಕೊಂಡಿದ್ದಾನೆ. ಬೆಂಗಳೂರಿನಲ್ಲಿ ಅವನ ನೆನಪಿಗೆ ಏನು ಮಾಡಿದರೆ ಸೂಕ್ತ?

ಸ್ಮರಣ ಫಲಕವೋ, ಹಳೆಯ ಚಿತ್ರಗಳ ಆಲ್ಬಮ್ಮೋ ಎಂದು ಕೇಳಿದ್ದೀರಿ. ಎರಡನ್ನೂ ಬದಿಗಿಟ್ಟು ಈ ಭಾನುವಾರವೇ ನಿಮ್ಮ ಗೆಳೆಯನ ಮನೆಗೆ ಹೋಗಿ. ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ನೀವು ಮಾಡಲು ಹೊರಟಿರುವುದನ್ನೇ 2022ರಲ್ಲಿ ಮಾಡಿ ನಾನು ಕೆಟ್ಟಿದ್ದೇನೆ.

ನಾನೂ ತೀರಿಕೊಂಡ ನನ್ನ ಗೆಳೆಯನೂ ಒಡಿಶಾದ ಚಿಲಿಕಾ ನೌಕಾ ತರಬೇತಿ ಕೇಂದ್ರದಲ್ಲಿ ಒಂದೇ ಬ್ಯಾಚಿನವರು. ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ ತರಬೇತಿ ಮುಗಿಸಿ, ತೊಂಬತ್ತರ ದಶಕದಲ್ಲಿ ಮೂರು ವರ್ಷ ವಿಮಾನವಾಹಕ ಹಡಗು ವಿರಾಟ್‌ನಲ್ಲಿ ಒಟ್ಟಿಗಿದ್ದೆವು. ವಿರಾಟ್ ಎಂದೊಡನೆ ಜನರಿಗೆ ಸೀ ಹ್ಯಾರಿಯರ್ ವಿಮಾನಗಳು ನೆನಪಾಗುತ್ತವೆ. ಸ್ಟೋಕರ್‌ಗಳಾದ, ಅಂದರೆ ಬಾಯ್ಲರ್ ಕೋಣೆಯ ನಾವಿಕರಾದ ನಮಗೆ ಅವುಗಳ ಸದ್ದು ಮಾತ್ರ ಪರಿಚಿತ. ಅಷ್ಟು ದೊಡ್ಡ ಹಡಗನ್ನು ನಡೆಸುತ್ತಿದ್ದ ನಾಲ್ಕು ಬಾಯ್ಲರ್‌ಗಳ ಕಾವಲೇ ನಮ್ಮ ಕೆಲಸ. ರಾತ್ರಿ 12ರಿಂದ 4ರವರೆಗಿನ ಮಿಡಲ್ ವಾಚ್ ಮುಗಿಸಿ ಏಣಿ ಹತ್ತಿ ಬರುವಾಗ ಬೆವರು ಆರಿ, ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತಿತ್ತು. ಮಂಡ್ಯ ಕಡೆಯ ಅವನು ಪ್ರತಿ ರಜೆಯಿಂದಲೂ ಬೋರ್ನ್‌ವೀಟಾ ಡಬ್ಬಿಯಲ್ಲಿ ರಾಗಿಹಿಟ್ಟು ತರುತ್ತಿದ್ದ. ಅಡುಗೆಯ ಹರಿಯಾಣದವನನ್ನು ಒಲಿಸಿಕೊಂಡು, ಮುರಿದ ಪೊರಕೆಯ ಹಿಡಿಯನ್ನು ತೊಳೆದು ಮುದ್ದೆ ಕೋಲು ಮಾಡಿಕೊಂಡಿದ್ದ. ನೀರು ಮುಟ್ಟಿದ ಕೈಯಲ್ಲಿ ಸ್ಟೀಲ್ ತಟ್ಟೆಯ ಮೇಲೆ ಹಿಟ್ಟನ್ನು ಉರುಳಿಸುತ್ತಿದ್ದರೆ, ಹಡಗು ವಾಲಿದತ್ತ ಮುದ್ದೆಯೂ ವಾಲುತ್ತಿತ್ತು.

ನಿವೃತ್ತಿಯ ನಂತರ ಅವನು ಕೆಂಗೇರಿಯಲ್ಲಿ, ನಾನು ದಾಸರಹಳ್ಳಿಯಲ್ಲಿ ನೆಲೆಸಿದೆವು. ಆಗಸ್ಟ್‌ನಲ್ಲಿ ಅವನು ಹೃದಯಾಘಾತದಿಂದ ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ, ತಿಥಿಗೂ ಹೋಗಲಾಗಲಿಲ್ಲ. ಅಲ್ಲಿಯವರೆಗಿನದು ತಪ್ಪಲ್ಲ. ತಪ್ಪು ಅನಂತರದ್ದು. ತಿಥಿಯನ್ನೂ ತಪ್ಪಿಸಿದವನು ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ನನಗೆ ಅನ್ನಿಸಿತು. ಹಡಗಿನ ಮುಂಭಾಗದಲ್ಲಿ ವಿಮಾನ ಹಾರಲು ಮೇಲಕ್ಕೆ ಬಾಗಿಸಿದ ಸ್ಕೀ ಜಂಪ್ ಎದುರು ನಮ್ಮ ವಿಭಾಗದವರೆಲ್ಲ ನಿಂತು ತೆಗೆಸಿಕೊಂಡಿದ್ದ ಚಿತ್ರವೊಂದಿತ್ತು. ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಒಯ್ಯಬೇಕೆಂದು ನಿಶ್ಚಯಿಸಿದೆ. ನನ್ನ ಬಳಿಯಿದ್ದ ಪ್ರತಿಯು ಮನೆ ಬದಲಿಸುವಾಗ ಕಳೆದುಹೋಗಿತ್ತು. ರೋಹ್ತಕ್, ಕೊಲ್ಲಂ, ವಿಶಾಖಪಟ್ಟಣ ಎಂದು ಹಡಗಿನ ಹಳೆಯ ಜೊತೆಗಾರರಲ್ಲಿ ಸಿಕ್ಕಸಿಕ್ಕವರಿಗೆ ಫೋನ್ ಮಾಡಿದೆ. ಒಬ್ಬರು ಮಸುಕಾದ ಪ್ರತಿ ಕಳಿಸಿದರು, ಬೇಡವೆಂದೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿದರೆ ಒಂದು ಗಂಟೆಯೊಳಗೆ ತಲುಪಬಹುದಾಗಿದ್ದ ಮನೆಗೆ ಏಳು ತಿಂಗಳು ಹೋಗಲಿಲ್ಲ. ಹುಡುಕುತ್ತಿದ್ದೇನಲ್ಲ, ಅದೂ ಅವನ ಕೆಲಸವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಅವನ ಹೆಂಡತಿಯ ಮುಖ ನೋಡಲು ನನಗೆ ಅಂಜಿಕೆಯಿತ್ತು, ಆ ಅಂಜಿಕೆಗೆ ಚೌಕಟ್ಟು ಒಳ್ಳೆಯ ನೆಪವಾಗಿತ್ತು.

ಮಾರ್ಚ್‌ನಲ್ಲಿ ಚಿತ್ರ ಹಿಡಿದು ಹೋದೆ. ಆಕೆ ಬಹಳ ಹೊತ್ತು ನೋಡಿ, "ಇದರಲ್ಲಿ ಅವರು ಯಾರು ಅಣ್ಣ?" ಎಂದರು. ಎಂಬತ್ತು ಮುಖಗಳ ನಡುವೆ ಉಗುರಿನ ತುದಿಯಿಂದ ತೋರಿಸಬೇಕಾಯಿತು. ಬಳಿಕ ಹೇಳಿದರು: "ಅತ್ತೆ ಕೇಳ್ತಾನೇ ಇದ್ರು, ಹಡಗಿನೋರು ಯಾರೂ ಬರಲಿಲ್ವಾ, ಅಲ್ಲಿ ನನ್ ಮಗನಿಗೆ ಮುದ್ದೆ ಸಿಕ್ತಿತ್ತಾ ಅಂತ." ಆ ತಾಯಿ ಸಂಕ್ರಾಂತಿಗೆ ಮೊದಲೇ ಹೋಗಿಬಿಟ್ಟಿದ್ದರು. ಅವರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದವನು ಈ ಬೆಂಗಳೂರಿನಲ್ಲಿ ನಾನೊಬ್ಬನೇ ಇದ್ದೆ.

ಫಲಕದ ವಿಚಾರಕ್ಕೆ ಬಂದರೆ, 1971ರ ಯುದ್ಧದಲ್ಲಿ ಡಿಸೆಂಬರ್ 9ರಂದು ಖುಕ್ರಿ ಯುದ್ಧನೌಕೆಯೊಂದಿಗೆ ಮುಳುಗಿದ 18 ಅಧಿಕಾರಿಗಳಿಗೂ 176 ನಾವಿಕರಿಗೂ ದಿಯುವಿನಲ್ಲಿ ಸ್ಮಾರಕವಿದೆ, ಇರಲೇಬೇಕು. ನಮ್ಮ ಊರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿರುವುದೂ ಹುತಾತ್ಮರ ಹೆಸರುಗಳೇ. ಹದಿನೈದು ವರ್ಷ ದುಡಿದು ಮನೆಯ ಮಂಚದ ಮೇಲೆ ಸತ್ತವನಿಗೆ ಅಂಥದ್ದರ ಅನುಕರಣೆ ನನಗೇಕೋ ಒಗ್ಗುವುದಿಲ್ಲ. ವಿರಾಟ್ ಕೂಡ 2017ರ ಮಾರ್ಚ್ 6ರಂದು ಸೇವೆಯಿಂದ ಇಳಿದು, ಕೊನೆಗೆ ಅಲಂಗ್‌ನಲ್ಲಿ ಗುಜರಿ ಸೇರಿತು. ಕೈಯಲ್ಲಿ ದುಡ್ಡಿದ್ದು ಮಾಡಲೇಬೇಕೆನಿಸಿದರೆ ವರ್ಷ ಕಳೆದ ಮೇಲೆ, ಮನೆಯವರನ್ನು ಕೇಳಿ ಮಾಡಿ.

ಹೋದಾಗ ಪಿಂಚಣಿ ಕಾಗದಗಳನ್ನೂ ಕೇಳಿ ನೋಡಿ. ಪಿಂಚಣಿದಾರ ಸತ್ತ ಮೇಲೆ 7 ವರ್ಷ ಅಥವಾ ಅವನಿಗೆ 67 ತುಂಬಬೇಕಾಗಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರದ ಕುಟುಂಬ ಪಿಂಚಣಿ ಸಲ್ಲುತ್ತದೆ. ನನ್ನ ಗೆಳೆಯನ ಹೆಂಡತಿಯ ಹೆಸರು ಸೇವಾ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇತ್ತು. ಆಕೆ ಒಬ್ಬರೇ ಅಲೆಯುತ್ತಿದ್ದರು. ಆ ತಿದ್ದುಪಡಿಯ ಅರ್ಜಿಯನ್ನು ನಾನು ಆಗಸ್ಟ್‌ನಲ್ಲೇ ಬರೆದುಕೊಡಬಹುದಿತ್ತು.

ಚಿತ್ರ ಕೈಯಲ್ಲಿದ್ದರೆ ಒಯ್ಯಿರಿ, ಇಲ್ಲದಿದ್ದರೆ ಹುಡುಕುತ್ತ ಕೂರಬೇಡಿ. ನಿಮ್ಮ ಗೆಳೆಯನ ತಾಯಿ ಇದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ.